ಡ್ರಿಲ್ ಪಿರಿಯಡ್ಡಿನಲ್ಲಿ ಕಂಡ ದೇಶ

ನಮ್ಮೂರ ಶಾಲೆಯ ಆಫೀಸು ಕೋಣೆಯಲ್ಲಿ ತೂಗುಹಾಕಿದ ವೇಳಾಪಟ್ಟಿಯಲ್ಲಿ ದೈಹಿಕ ಶಿಕ್ಷಣದ ಅವಧಿ ಈಗಲೂ ಇದೆ. ಮಧ್ಯಾಹ್ನದ ಕೊನೆಯ ಮನೆಗಳಲ್ಲಿ ಕೆಂಪು ಶಾಯಿಯಿಂದ ‘ದೈ.ಶಿ.’ ಎಂದು ಬರೆದಿದ್ದಾರೆ. ಆ ಹೊತ್ತಿಗೆ ಹೋಗಿ ನೋಡಿದರೆ ಮಕ್ಕಳು ತರಗತಿಯೊಳಗೆ ಕುಳಿತು ಗಣಿತದ ಲೆಕ್ಕ ಬಿಡಿಸುತ್ತಿರುತ್ತಾರೆ, ಇಲ್ಲವೇ ಬಾಕಿ ಉಳಿದ ನೋಟ್ಸು ಬರೆದುಕೊಳ್ಳುತ್ತಿರುತ್ತಾರೆ. ಡ್ರಿಲ್ ಮಾಸ್ತರರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಮೈದಾನದ ಒಂದು ಮೂಲೆಯಲ್ಲಿ ಅಂಗನವಾಡಿ ಕಟ್ಟಡ ಎದ್ದಿದೆ, ಇನ್ನೊಂದು ಮೂಲೆಯಲ್ಲಿ ನೀರಿನ ಟಾಕಿ, ನಡುವೆ ಬಿಸಿಯೂಟದ ಅಡುಗೆ ಕೋಣೆ. ಯಾವುದನ್ನೂ ಬೇಡವೆನ್ನುವಂತಿಲ್ಲ, ಎಲ್ಲವೂ ಮಕ್ಕಳಿಗೆ ಬೇಕಾದವೇ. ಆದರೆ ಓಡಲು ಉಳಿದಿರುವ ಜಾಗ ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾನು ಆ ಶಾಲೆಯಲ್ಲಿ ಓದಿದ್ದು ಎಪ್ಪತ್ತರ ದಶಕದಲ್ಲಿ, ಧಾರವಾಡ ಜಿಲ್ಲೆ ಇನ್ನೂ ಒಡೆಯದೆ ಒಂದೇ ಆಗಿದ್ದಾಗ. ನಮ್ಮ ಭಾಗದ ಕನ್ನಡ ಶಾಲೆಗಳಲ್ಲಿ ಆಗ ಓದಿದ ಯಾರನ್ನೇ ಕೇಳಿ ನೋಡಿ. ಪಾಣಿಪತ್ ಯುದ್ಧದ ಇಸವಿ ಮರೆತಿರಬಹುದು, ‘ಸಾವಧಾನ್’ ಎಂಬ ಕೂಗು ಕೇಳಿದರೆ ಹಿಮ್ಮಡಿಗೆ ಹಿಮ್ಮಡಿ ತಾನಾಗಿ ತಾಗುತ್ತದೆ. ಬೆಳಿಗ್ಗೆ ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲು. ಗಿಡ್ಡವರು ಮುಂದೆ, ಎತ್ತರದವರು ಹಿಂದೆ. ಗೌಡರ ಮೊಮ್ಮಗನ ಹಿಂದೆ ಕೇರಿಯ ಹುಡುಗ, ಅವನ ಹಿಂದೆ ಅಯ್ನೋರ ಮನೆಯವನು. ಅಂತರ ಸರಿಪಡಿಸಿಕೊಳ್ಳಲು ಪ್ರತಿಯೊಬ್ಬನೂ ಕೈ ಚಾಚಿ ಮುಂದಿನವನ ಹೆಗಲು ಮುಟ್ಟಬೇಕು. ಯಾರ ಮನೆಯ ಕಟ್ಟೆಯ ಮೇಲೆ ಯಾರು ಕೂರಬಾರದು, ಯಾವ ಬಾವಿಗೆ ಯಾರು ಹೋಗಬಾರದು ಎಂಬುದೆಲ್ಲ ಊರಿನೊಳಗೆ ಮೊದಲೇ ನಿಗದಿಯಾಗಿದ್ದ ಕಾಲವದು. ಎತ್ತರವೊಂದನ್ನೇ ನೋಡಿ ಜಾಗ ಕೊಡುತ್ತಿದ್ದುದು ನಾನು ಕಂಡಂತೆ ಆ ಸಾಲು ಮಾತ್ರ. ಹೆಗಲು ಮುಟ್ಟುವುದು ದಿನಾ ನಡೆಯುತ್ತಿತ್ತು. ಅದಕ್ಕೆ ಯಾರೂ ಹೆಸರಿಟ್ಟು ಕರೆಯುತ್ತಿರಲಿಲ್ಲ, ಭಾಷಣ ಮಾಡುತ್ತಿರಲಿಲ್ಲ.

ಡ್ರಿಲ್ ಪಿರಿಯಡ್ಡಿನಲ್ಲಿ ನಾವು ಆಡುತ್ತಿದ್ದ ಲೇಜಿಮು ಹೇಗಿತ್ತೆಂದು ಈಗಿನ ಮಕ್ಕಳಿಗೆ ವಿವರಿಸಿಯೇ ಹೇಳಬೇಕು. ಮೊಳಕ್ಕಿಂತ ಸ್ವಲ್ಪ ಉದ್ದದ ಕಟ್ಟಿಗೆಯ ಹಿಡಿಕೆ, ಅದರ ಎರಡೂ ತುದಿಗೆ ಬಿಲ್ಲಿನ ಹೆದೆಯ ಹಾಗೆ ಸೇರಿಸಿದ ಕಬ್ಬಿಣದ ಸರಪಳಿ, ಸರಪಳಿಯುದ್ದಕ್ಕೂ ಜೋಡಿ ಜೋಡಿಯಾಗಿ ಪೋಣಿಸಿದ ತಗಡಿನ ಬಿಲ್ಲೆಗಳು, ನಡುವೆ ಹಿಡಿಯಲು ಒಂದು ಸಣ್ಣ ಗುಬ್ಬಿಕಟ್ಟಿಗೆ. ಎಡಗೈ ಹಿಡಿಕೆಗೆ, ಬಲಗೈ ಸರಪಳಿಗೆ. ಒಂದಕ್ಕೆ ಮುಂದೆ ಬಾಗಿ ಪಾದದ ಹತ್ತಿರ ಬಡಿ, ಎರಡಕ್ಕೆ ನಡುವಿನ ಮಟ್ಟಕ್ಕೆ ತಂದು ಬಡಿ, ಮೂರಕ್ಕೆ ಎದೆಯ ಮಟ್ಟ, ನಾಲ್ಕಕ್ಕೆ ನೆಟ್ಟಗೆ ನಿಂತು ಹೆಗಲ ಪಕ್ಕ. ಮಳೆಗಾಲ ಮುಗಿಯುವಷ್ಟರಲ್ಲಿ ಸರಪಳಿಗೆ ತುಕ್ಕು ಹಿಡಿದು, ಆಡಿದ ಮೇಲೆ ಅಂಗೈ ತುಂಬ ಕೆಂಪು ಹತ್ತುತ್ತಿತ್ತು. ಅದರ ವಾಸನೆ ಊಟಕ್ಕೆ ಕೂತಾಗಲೂ ಹೋಗುತ್ತಿರಲಿಲ್ಲ. ಶಾಲೆಯ ಮಕ್ಕಳೆಲ್ಲ ಸೇರಿ ಒಟ್ಟಿಗೆ ಬಡಿದರೆ ಊರ ಹೊರಗಿನ ಹೊಲಗಳವರೆಗೆ ಸದ್ದು ಹೋಗುತ್ತಿತ್ತು. ಒಬ್ಬ ಅರ್ಧ ಎಣಿಕೆ ತಡ ಮಾಡಿದರೆ ಅದೂ ಅಷ್ಟೇ ಸ್ಪಷ್ಟವಾಗಿ ಎಲ್ಲರಿಗೂ ಕೇಳುತ್ತಿತ್ತು.

ಹಾಗೆ ತಪ್ಪಿದವನಿಗೆ ಬೇರೆ ಮಾಸ್ತರರಾಗಿದ್ದರೆ ಛಡಿ ಏಟು ಬೀಳುತ್ತಿತ್ತು. ನಮ್ಮ ಡ್ರಿಲ್ ಮಾಸ್ತರರ ಕೈಯಲ್ಲಿ ಸೀಟಿ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಅವರು ಸಾಲುಗಳ ನಡುವೆ ನಡೆಯುತ್ತಲೇ ಹೇಳುತ್ತಿದ್ದರು: “ಹೆಜ್ಜಿ ತಪ್ಪಿದಂವ ನಿಂದ್ರಬ್ಯಾಡ. ಬಾಜೂಕಿನವನ ಕಾಲ ನೋಡು, ಕೂಡಿಕೋ.” ನಿಂತರೆ ಹಿಂದಿನವನಿಗೆ ಅಡ್ಡವಾಗುತ್ತದೆ, ಅವನ ಹಿಂದಿನವನಿಗೂ ಅಡ್ಡವಾಗುತ್ತದೆ. ನಡೆಯುತ್ತಲೇ ಪಕ್ಕದವನ ಕಾಲು ನೋಡಿ ಎಡಗಾಲು ಸರಿಮಾಡಿಕೊಳ್ಳಬೇಕು. ಪಕ್ಕದವನೂ ಬೈಯುವ ಹಾಗಿಲ್ಲ, ಸ್ವಲ್ಪ ಜೋರಾಗಿ ಹೆಜ್ಜೆಯೂರಿ ತೋರಿಸಬೇಕು. ಸ್ವತಂತ್ರ ದೇಶವೊಂದರಲ್ಲಿ ಕೂಡಿ ಬಾಳುವುದರ ಬಗ್ಗೆ ಆಮೇಲೆ ಎಷ್ಟೋ ಪುಸ್ತಕ ಓದಿದ್ದೇನೆ, ಎಷ್ಟೋ ಭಾಷಣ ಕೇಳಿದ್ದೇನೆ. ಆ ಮಾತಿಗಿಂತ ಹೆಚ್ಚಿನದನ್ನು ಯಾರೂ ಹೇಳಿದಂತೆ ನನಗೆ ಅನಿಸಿಲ್ಲ.

ಈ ಕವಾಯತು ನಮ್ಮ ಹಳ್ಳಿಗೆ ಸುಮ್ಮನೆ ಬಂದದ್ದಲ್ಲ. ಅದರ ಹಿಂದೆ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಇದ್ದರು. ವೈದ್ಯಕೀಯ ಓದಿ, ಅಮೆರಿಕಕ್ಕೆ ಹೋಗಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ಹೋಮ್ ರೂಲ್ ಕೆಲಸ ಮಾಡಿ ಮರಳಿದವರು ಹಣ ಮಾಡುವ ವೈದ್ಯಿಕೆಯ ಕಡೆ ತಿರುಗಲಿಲ್ಲ, ಹುಬ್ಬಳ್ಳಿಯ ತರುಣರನ್ನು ಕಟ್ಟಿಕೊಂಡರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರ ಪೈಕಿ ಅನೇಕರು ಒಳಗಿನ ಹಿಂಸೆ ತಾಳದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದಾಗ ಹರ್ಡೀಕರರ ಹುಬ್ಬಳ್ಳಿ ಸೇವಾ ಮಂಡಲದ ಹುಡುಗರು ಬರೆದುಕೊಡಲಿಲ್ಲ. ಅದು ಹೇಗೆ ಸಾಧ್ಯವಾಯಿತೆಂದು ಕಾಂಗ್ರೆಸ್ಸಿನ ಹಿರಿಯರು ಕೇಳಿದರು. ಆ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರು, ಕೆಲಸವೆಲ್ಲ ಹರ್ಡೀಕರರದು. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದಲ್ಲಿ ಜನಸಾಗರವನ್ನು ಸಂಭಾಳಿಸಿದ್ದು ಇದೇ ದಳದ ಸ್ವಯಂಸೇವಕರು. ತಿಂಗಳ ಕೊನೆಯ ಭಾನುವಾರ ಊರೂರಲ್ಲಿ ಧ್ವಜವಂದನೆ ಮಾಡುವ ರೂಢಿಯನ್ನು ಹಾಕಿಕೊಟ್ಟದ್ದೂ ಅವರೇ.

ಬ್ರಿಟಿಷರು ಸೈನ್ಯಕ್ಕೂ ಪೊಲೀಸರಿಗೂ ಕಲಿಸಿದ ಕವಾಯತನ್ನೇ ಎತ್ತಿಕೊಂಡು, ಕೈಯಲ್ಲಿ ಕೋವಿಯಿಲ್ಲದೆ, ಏಟಿಗೆ ಏಟು ಕೊಡದೆ ಸಾಲು ಕೆಡದಂತೆ ನಿಲ್ಲುವುದಕ್ಕೆ ಬಳಸಿದ್ದು ಸಣ್ಣ ಯೋಚನೆಯಲ್ಲ. ಲಾಠಿ ಬೀಸಿದಾಗ ಓಡುವುದು ಮೈಗೆ ಸಹಜ. ಓಡದಿರಲು ಮೈಯನ್ನು ಪಳಗಿಸಬೇಕು, ಅದೂ ಒಬ್ಬೊಬ್ಬರಾಗಿ ಸಾಧ್ಯವಿಲ್ಲ, ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ದಾನೆಂಬ ಧೈರ್ಯ ಬೇಕು. ಹರ್ಡೀಕರ್ ಇದನ್ನು ಅರಿತಿದ್ದರು. 1932ರಲ್ಲಿ ಸರ್ಕಾರ ಸೇವಾದಳವನ್ನು ನಿಷೇಧಿಸಿತೆಂದರೆ ಸರ್ಕಾರವೂ ಅದನ್ನು ಅರಿತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಹರ್ಡೀಕರರು ಪಕ್ಷದ ನಂಟಿಲ್ಲದ ಭಾರತ ಸೇವಾದಳವನ್ನು ಕಟ್ಟಿ ಶಾಲೆಗಳೊಳಗೆ ತಂದರು. ನಮ್ಮ ಶಾಲೆಯ ಪಡಸಾಲೆಯಲ್ಲಿ ಬಿಳಿ ಟೋಪಿಯ ಅವರ ಫೋಟೋ ಇತ್ತು. ಅವರು ತೀರಿಕೊಂಡು ಆಗಿನ್ನೂ ಬಹಳ ವರ್ಷವಾಗಿರಲಿಲ್ಲ, ಮಾಸ್ತರರು ಅವರನ್ನು ಕಂಡವರ ಹಾಗೆ ಮಾತಾಡುತ್ತಿದ್ದರು.

ಸೇವಾದಳದ ಶಿಬಿರ ದಸರಾ ರಜೆಯಲ್ಲಿ ತಾಲ್ಲೂಕಿನ ಊರಲ್ಲಿ ನಡೆಯುತ್ತಿತ್ತು. ಶಾಲೆಯ ಕೋಣೆಗಳಲ್ಲಿ ಜಮಖಾನೆ ಹಾಸಿ ಮಲಗುವುದು, ನಸುಕಿನಲ್ಲೆದ್ದು ಪ್ರಭಾತಫೇರಿ, ಆಮೇಲೆ ಕವಾಯತು, ಶ್ರಮದಾನ, ಸಂಜೆಗೆ ಆಟ. ಅಡುಗೆಗೆ ನೀರು ಸೇದುವುದು, ಎಲೆ ಹಾಕುವುದು, ಬಡಿಸುವುದು ಎಲ್ಲ ತುಕಡಿಗಳ ಪಾಳಿ. ಒಂದು ದಿನ ಗೋಧಿ ಹುಗ್ಗಿಯ ಬಕೆಟ್ಟು ಹಿಡಿದು ನನ್ನ ಸಾಲಿಗೆ ಬಂದವನು ನಮ್ಮೂರ ಕೇರಿಯ ಹುಡುಗ. ನನ್ನದೇ ತರಗತಿಯವನು, ಕಬಡ್ಡಿಯಲ್ಲಿ ನನ್ನ ಕಾಲು ಹಿಡಿದು ಎಷ್ಟೋ ಸಲ ಕೆಡವಿದವನು. ಬೇರೆ ಊರವರಿಗೆಲ್ಲ ಸರಾಗವಾಗಿ ಬಡಿಸುತ್ತ ಬಂದವನು ನನ್ನ ಎಲೆಯ ಮುಂದೆ ಬಂದಾಗ ಸೌಟು ಎತ್ತಲಿಲ್ಲ. ನನ್ನ ಮುಖ ನೋಡಿದ. ನಾನೂ ಏನೂ ಹೇಳದೆ ಅವನ ಮುಖ ನೋಡಿದೆ. ಊರಲ್ಲಿ ಇದು ನಡೆಯುವ ಸಂಗತಿಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹಿಂದಿನಿಂದ ಮಾಸ್ತರರ ದನಿ ಬಂತು: “ಬಡಸಪಾ, ಹುಗ್ಗಿ ಆರತೈತಿ.” ಅಷ್ಟೇ. ಅವನು ಬಡಿಸಿದ, ನಾನು ಉಂಡೆ. ಎರಡನೆಯ ಸಲ ಬಂದಾಗ ಅವನು ಕೇಳದೆಯೇ ಇನ್ನೊಂದು ಸೌಟು ಹೆಚ್ಚು ಹಾಕಿದ.

ಮನೆಗೆ ಬಂದಾಗ ಅಜ್ಜಿ ಕೇಳಿದ ಮೊದಲ ಮಾತು, “ಯಾರು ಬಡಿಸಿದ್ರೋ ಅಲ್ಲಿ?” ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಜ್ಜಿ ಹಿತ್ತಲಿಗೆ ಕರೆದೊಯ್ದು ತಲೆಯ ಮೇಲೆ ನೀರು ಸುರಿದಳು, ಬೈಯಲಿಲ್ಲ. ಆ ಹುಡುಗ ಮತ್ತೆ ನಮ್ಮ ಕಟ್ಟೆಯ ಬಳಿ ಬಂದಾಗ ಮೊದಲಿನ ಹಾಗೆಯೇ ದೂರ ನಿಂತ. ಶಾಲೆಯ ಅಂಗಳ ಊರನ್ನು ಬದಲಿಸಿಬಿಟ್ಟಿತೆಂದು ನಾನು ಹೇಳಲಾರೆ. ಆದರೆ ನಮ್ಮಿಬ್ಬರಲ್ಲಿ ಒಂದು ಬದಲಾಗಿತ್ತು: ಊರಿನ ಕಟ್ಟಳೆಯನ್ನು ಬಿಟ್ಟು ಬೇರೆ ರೀತಿಯಲ್ಲೂ ನಡೆಯಬಹುದೆಂದು ಮೈಯಾರೆ ಅನುಭವಿಸಿದ್ದೆವು. ಸಂವಿಧಾನದಲ್ಲಿ ಸಮಾನತೆಯೆಂಬ ಮಾತಿದೆಯೆಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದು ಹೈಸ್ಕೂಲಿಗೆ ಹೋದ ಮೇಲೆ.

ಹೆಣ್ಣುಮಕ್ಕಳ ವಿಷಯ ಬೇರೆಯೇ ಇತ್ತು, ಅದನ್ನೂ ಹೇಳಲೇಬೇಕು. ಬೆಳಗಾವಿ ಅಧಿವೇಶನದಲ್ಲೇ ಉಮಾಬಾಯಿ ಕುಂದಾಪುರ ಅವರು ಹೆಣ್ಣುಮಕ್ಕಳ ಸ್ವಯಂಸೇವಕ ಪಡೆ ಕಟ್ಟಿ ನಿಲ್ಲಿಸಿದ್ದರು. ಚಿಕ್ಕ ವಯಸ್ಸಿಗೇ ವಿಧವೆಯಾದವರು, ವಿಧವೆಯರನ್ನೂ ಗೃಹಿಣಿಯರನ್ನೂ ಮನೆಯಿಂದ ಹೊರಗೆ ತಂದು ಸಾಲಿನಲ್ಲಿ ನಿಲ್ಲಿಸಿದ್ದು 1924ರಲ್ಲಿ. ಅರ್ಧ ಶತಮಾನ ಕಳೆದ ಮೇಲೂ ನಮ್ಮ ಹಳ್ಳಿಯಲ್ಲಿ ಆರನೆಯ ಇಯತ್ತೆ ದಾಟಿದ ಹುಡುಗಿಯರು ಒಬ್ಬೊಬ್ಬರಾಗಿ ಲೇಜಿಮ್ ಸಾಲಿನಿಂದ ಮಾಯವಾಗುತ್ತಿದ್ದರು. ನನ್ನ ಅಕ್ಕ ಖೋ-ಖೋದಲ್ಲಿ ಕಂಬ ತಿರುಗುವುದನ್ನು ನೋಡಲು ಹಿರಿಯರೂ ನಿಲ್ಲುತ್ತಿದ್ದರು. ದೊಡ್ಡವಳಾದಳೆಂದು ಮನೆಯಲ್ಲಿ ಕೂರಿಸಿದರು, ಅಲ್ಲಿಗೆ ಮುಗಿಯಿತು. ಶಾಲೆಯ ಅಕ್ಕೋರು ಮನೆಗೇ ಬಂದು ಅಪ್ಪನನ್ನು ಕೇಳಿಕೊಂಡದ್ದು ನೆನಪಿದೆ. ಅಪ್ಪ ಚಹಾ ಕುಡಿಸಿ ಕಳಿಸಿದರು. ನಮ್ಮ ಮೈದಾನ ಎಲ್ಲರದಾಗಿತ್ತೆಂದು ಈಗ ನೆನೆಯುವಾಗ ಅಕ್ಕ ಕಿಟಕಿಯಲ್ಲಿ ನಿಂತು ಸೀಟಿಯ ಸದ್ದು ಕೇಳುತ್ತಿದ್ದುದನ್ನು ಮರೆಯಲಾರೆ.

ಅದೇ ಕಾರಣಕ್ಕೆ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಫೈನಲ್ಲನ್ನು ಅಕ್ಕನ ಮನೆಯಲ್ಲೇ ಕೂತು ನೋಡಿದೆ. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಪಂದ್ಯದ ಶ್ರೇಷ್ಠ ಆಟಗಾರ್ತಿಯೆಂದು ಕರೆದದ್ದು ಮೈಸೂರು ಜಿಲ್ಲೆ ಕುರುಬೂರಿನ ಚೈತ್ರಾಳನ್ನು. ಅಕ್ಕ ಟಿ.ವಿ.ಯ ಮುಂದಿನಿಂದ ಏಳಲೇ ಇಲ್ಲ. “ಕಂಬದ ಹತ್ರ ಹೆಗಲು ಕೊಟ್ಟು ತಿರುಗತಾಳ ನೋಡು, ಹಂಗs ತಿರುಗಬೇಕು” ಎಂದಳು.

ಖೋ-ಖೋ ಮತ್ತು ಕಬಡ್ಡಿ ಬರಿಗೈಯ ಆಟಗಳು. ಗೆರೆ ಎಳೆಯಲು ಸುಣ್ಣದ ಪುಡಿ, ಎರಡು ಕಂಬ, ಅಷ್ಟು ಸಾಕು. ಬಡ ದೇಶವೊಂದು ತನ್ನ ಮಕ್ಕಳೆಲ್ಲರಿಗೂ ಕೊಡಬಲ್ಲ ಆಟಗಳೆಂದು ಸ್ವಾತಂತ್ರ್ಯದ ಕಾಲದ ಹಿರಿಯರು ಇವನ್ನು ಎತ್ತಿಹಿಡಿದರು. ಅಮರಾವತಿಯಲ್ಲಿ 1914ರಲ್ಲಿ ಶುರುವಾದ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ತರುಣರು 1936ರಲ್ಲಿ ಬರ್ಲಿನ್ನಿಗೆ ಹೋಗಿ ಕಬಡ್ಡಿಯನ್ನೂ ನಮ್ಮ ಇತರ ವ್ಯಾಯಾಮಗಳನ್ನೂ ಪ್ರದರ್ಶಿಸಿ ಬಂದಿದ್ದರು. ಆಟದ ಕಟ್ಟಳೆಯನ್ನು ನೋಡಿ. ಖೋ-ಖೋದಲ್ಲಿ ಒಂಬತ್ತು ಜನರಲ್ಲಿ ಎಂಟು ಮಂದಿ ಕೂತೇ ಇರುತ್ತಾರೆ, ಒಬ್ಬರ ಮುಖ ಆಚೆಗೆ, ಪಕ್ಕದವರ ಮುಖ ಈಚೆಗೆ. ಓಡುವವನು ತಿರುಗುವ ಹಾಗಿಲ್ಲ, ನಡುಗೆರೆ ದಾಟುವ ಹಾಗಿಲ್ಲ. ತನ್ನಿಂದ ಆಗದೆಂದು ಗೊತ್ತಾದ ಕ್ಷಣ ಕೂತವನ ಬೆನ್ನು ಮುಟ್ಟಿ ಓಟವನ್ನು ಅವನಿಗೆ ಬಿಟ್ಟುಕೊಡಬೇಕು. ಎಷ್ಟೇ ವೇಗದ ಓಟಗಾರನಾದರೂ ತಾನೊಬ್ಬನೇ ಹಿಡಿಯುತ್ತೇನೆಂದರೆ ತಂಡ ಸೋತಿತು. ನಮ್ಮಲ್ಲಿ ಚುರುಕಾದವರು ಕಲಿಯಲು ಬಹಳ ಕಷ್ಟಪಟ್ಟದ್ದು ಓಡುವುದನ್ನಲ್ಲ, ಸರಿಯಾದ ಹೊತ್ತಿಗೆ ಕೂರುವುದನ್ನು. ಕಬಡ್ಡಿಯಲ್ಲಂತೂ ಔಟಾಗಿ ಹೊರಗೆ ಕೂತವನಿಗೆ ಗೆಳೆಯರು ಎದುರಿನವರನ್ನು ಔಟ್ ಮಾಡಿದಾಗ ಮತ್ತೆ ಜೀವ ಬರುತ್ತದೆ. ಸೋತವನನ್ನು ಶಾಶ್ವತವಾಗಿ ಹೊರಗಿಡದ ಆಟ ಅದು.

ವಲಯ ಮಟ್ಟದ ಕ್ರೀಡಾಕೂಟದ ಹಿಂದಿನ ದಿನ ಮಾಸ್ತರರು ಹಗ್ಗ, ಗೂಟ, ಸುಣ್ಣದ ಬುಟ್ಟಿ ಹಿಡಿದು ಟ್ರ್ಯಾಕ್ ಹಾಕುತ್ತಿದ್ದರು. ನಾವು ಕಲ್ಲು ಆರಿಸುತ್ತಿದ್ದೆವು. ಆಗ ಅವರು ಹೇಳುತ್ತಿದ್ದ ಕಥೆಗಳಲ್ಲಿ ನನಗೆ ಉಳಿದಿರುವುದು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರದು. 1920ರಲ್ಲಿ ದೊರಾಬ್ಜಿ ಟಾಟಾ ಅವರು ಮುಂದೆ ನಿಂತು ಆಂಟ್‌ವರ್ಪ್ ಒಲಿಂಪಿಕ್ಸಿಗೆ ಕಳಿಸಿದ ಭಾರತದ ಪುಟ್ಟ ತಂಡದಲ್ಲಿ ಅವರಿದ್ದರು, ಮ್ಯಾರಥಾನ್ ಓಡಿದರು, 19ನೆಯವರಾಗಿ ಮುಗಿಸಿದರು. ಮಾಸ್ತರರು ಈ 19 ಎಂಬುದನ್ನು ಚಿನ್ನದ ಪದಕವೆಂಬ ಹಾಗೆ ಹೇಳುತ್ತಿದ್ದರು. ನಡುವೆ ಬಿಟ್ಟುಬಿಡಲಿಲ್ಲ, ಪೂರ್ತಿ ಓಡಿದರು ಎನ್ನುತ್ತಿದ್ದರು. ನಮ್ಮ ಶಾಲೆಯ ಉದ್ದ ಓಟದಲ್ಲಿ ಕೊನೆಗೆ ಬಂದವನಿಗೂ ಚಪ್ಪಾಳೆ ತಟ್ಟಬೇಕೆಂಬ ಕಟ್ಟುನಿಟ್ಟಿತ್ತು, ತಟ್ಟುವವರೆಗೂ ಯಾರೂ ಮನೆಗೆ ಹೋಗುವಂತಿರಲಿಲ್ಲ.

ದೇಶವೂ ಆಗ ಹೀಗೆಯೇ ಯೋಚಿಸುತ್ತಿತ್ತು. ವಿಭಜನೆಯಲ್ಲಿ ಮನೆಮಠ ಕಳೆದುಕೊಂಡ ಮಕ್ಕಳನ್ನು ಹೇಗೆ ಮತ್ತೆ ನೆಟ್ಟಗೆ ನಿಲ್ಲಿಸುವುದೆಂಬ ಪ್ರಶ್ನೆಗೆ ದೆಹಲಿಯಲ್ಲಿ 1954ರಲ್ಲಿ ಕಂಡುಕೊಂಡ ಉತ್ತರವೂ ಮೈದಾನವೇ. ನೇತಾಜಿಯವರ ಆಜಾದ್ ಹಿಂದ್ ಫೌಜಿನಲ್ಲಿದ್ದ ಜನರಲ್ ಜಗನ್ನಾಥರಾವ್ ಭೋಂಸ್ಲೆ ನಿರಾಶ್ರಿತ ಮಕ್ಕಳ ಸಂಸ್ಥೆಯೊಂದರಲ್ಲಿ ರಾಷ್ಟ್ರೀಯ ಶಿಸ್ತು ಯೋಜನೆಯನ್ನು ಶುರುಮಾಡಿದರು. ವ್ಯಾಯಾಮ, ಕವಾಯತು, ಹಾಡು, ಆಟ. ಅದು ನಂತರ ಬೇರೆ ಬೇರೆ ರಾಜ್ಯಗಳ ಶಾಲೆಗಳಿಗೆ ಹರಡಿತು. ವ್ಯಾಯಾಮ ಶಿಕ್ಷಕರನ್ನು ತಯಾರು ಮಾಡಲು ಗ್ವಾಲಿಯರಿನಲ್ಲಿ 1957ರಲ್ಲಿ ಕಾಲೇಜು, ತರಬೇತುದಾರರಿಗಾಗಿ ಪಟಿಯಾಲಾದಲ್ಲಿ 1961ರಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ. ಹಸಿವು, ಬರ, ಯುದ್ಧ ಎಲ್ಲ ಇದ್ದ ಆ ದಿನಗಳಲ್ಲಿ ಶಾಲೆಯ ಮಗುವಿನ ಮೈಕೈ ಬಗ್ಗೆ ಯೋಚಿಸಲು ದೇಶಕ್ಕೆ ಪುರುಸೊತ್ತಿತ್ತು.

ಸಾಮೂಹಿಕ ಕವಾಯತೆಂದರೆ ಮನುಷ್ಯರನ್ನು ಯಂತ್ರ ಮಾಡುವ ವಿದ್ಯೆ, ಸರ್ವಾಧಿಕಾರಿಗಳಿಗೆ ಪ್ರಿಯವಾದದ್ದು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಲೋಕ ಅದನ್ನೂ ಕಂಡಿದೆ. ಯಾರು ಕಲಿಸುತ್ತಾರೆ, ಯಾವುದಕ್ಕಾಗಿ ಕಲಿಸುತ್ತಾರೆ, ತಪ್ಪಿದವನನ್ನು ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೆಜ್ಜೆ ತಪ್ಪಿದವನನ್ನು ಹೊರಗೆಳೆದು ಬಡಿಯುವ ಕವಾಯತೂ ಇದೆ, ಕೂಡಿಕೋ ಎನ್ನುವ ಕವಾಯತೂ ಇದೆ. ನನಗೆ ಸಿಕ್ಕಿದ್ದು ಎರಡನೆಯದು, ಅದನ್ನು ಭಾಗ್ಯವೆಂದೇ ಎಣಿಸಿದ್ದೇನೆ.

ಅದು ಹೋದದ್ದು ಒಂದೇ ದಿನದಲ್ಲಲ್ಲ. ಮೊದಲು ಹೋದದ್ದು ಲೇಜಿಮು. ಮುರಿದದ್ದನ್ನು ರಿಪೇರಿ ಮಾಡಿಸಲು ದುಡ್ಡಿಲ್ಲವೆಂದು ಪೆಟ್ಟಿಗೆಯಲ್ಲಿಟ್ಟರು, ಪೆಟ್ಟಿಗೆಯ ಮೇಲೆ ಹಳೆಯ ಬೆಂಚು ಪೇರಿಸಿದರು. ಆಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರು ಲೆಕ್ಕ ಶಾಲೆಯ ಮಾನ ಮರ್ಯಾದೆಯ ಲೆಕ್ಕವಾಯಿತು, ಸಂಜೆಯ ಮೈದಾನ ವಿಶೇಷ ತರಗತಿಗೆ ಹೋಯಿತು. ಅಂಗಳವೇ ಇಲ್ಲದ ಕಾನ್ವೆಂಟುಗಳು ಎರಡಂತಸ್ತಿನ ಮನೆಗಳಲ್ಲಿ ತೆರೆದವು, ಊರಿನ ಸ್ಥಿತಿವಂತರ ಮಕ್ಕಳು ಅಲ್ಲಿಗೆ ವ್ಯಾನು ಹತ್ತಿದರು. ಸರ್ಕಾರಿ ಶಾಲೆಯ ಸಾಲಿನಲ್ಲಿ ಗೌಡರ ಮೊಮ್ಮಗ ಇಲ್ಲವಾದ ದಿನವೇ ಆ ಸಾಲಿನ ಅರ್ಥ ಅರ್ಧ ಹೋಯಿತೆಂದು ನನಗನಿಸುತ್ತದೆ. ಒಬ್ಬರ ಹೆಗಲನ್ನು ಒಬ್ಬರು ಮುಟ್ಟಲು ಇಬ್ಬರೂ ಒಂದೇ ಅಂಗಳದಲ್ಲಿ ಇರಬೇಕಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಬಂದಾಗ ನಮ್ಮಂಥವರಿಗೆ ಆಸೆ ಹುಟ್ಟಿತ್ತು. ಶಾಲೆಗೆ ಆಟದ ಮೈದಾನ ಇರಬೇಕೆಂದು ಅದು ಹೇಳುತ್ತದೆ. ಶಿಕ್ಷಕರ ವಿಷಯಕ್ಕೆ ಬಂದರೆ, ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಒಬ್ಬ ಅರೆಕಾಲಿಕ ಬೋಧಕರು ಎಂದಿದೆ. ನೂರರೊಳಗಿನ ಶಾಲೆಗಳೇ ಹಳ್ಳಿಗಳ ತುಂಬ ಇವೆ. ಆ ಶಾಲೆಗಳ ಮಕ್ಕಳ ಕಾಲಿಗೆ ಯಾರು ಲೆಕ್ಕ ಹೇಳಬೇಕು? ವಲಯ ಮಟ್ಟದ ಕ್ರೀಡಾಕೂಟಗಳು ಈಗಲೂ ನಡೆಯುತ್ತವೆ, ನಿಜ. ಜೀಪಿನಲ್ಲಿ ಓಟಗಾರರನ್ನಷ್ಟೇ ಕರೆದೊಯ್ಯುತ್ತಾರೆ, ಉಳಿದ ಮಕ್ಕಳಿಗೆ ಅಂದು ಎಂದಿನ ಪಾಠ.

ಆಗಸ್ಟ್ 29ನ್ನು ಧ್ಯಾನ್‌ಚಂದ್ ಅವರ ಹೆಸರಲ್ಲಿ ರಾಷ್ಟ್ರೀಯ ಕ್ರೀಡಾ ದಿನವೆಂದು ಆಚರಿಸುತ್ತೇವೆ. 2019ರಲ್ಲಿ ಅದೇ ದಿನ ಫಿಟ್ ಇಂಡಿಯಾ ಆಂದೋಲನ ಶುರುವಾಯಿತು. ಖೇಲೋ ಇಂಡಿಯಾದಿಂದ ಬಡಮನೆಯ ಪ್ರತಿಭಾವಂತರಿಗೆ ನೆರವು ಸಿಗುತ್ತಿದೆ. ಕಬಡ್ಡಿ ಆಡುವವರಿಗೆ 2014ರಿಂದ ಪ್ರೊ ಕಬಡ್ಡಿಯಲ್ಲಿ ಬದುಕು ಸಿಕ್ಕಿದೆ. ಮ್ಯಾಟಿನ ಮೇಲೆ ಬೂಟು ಹಾಕಿ, 30 ಸೆಕೆಂಡಿನ ಗಡಿಯಾರ ನೋಡಿ ದಾಳಿ ಮಾಡುವ ಹುಡುಗರನ್ನು ಕಂಡರೆ ನನಗೆ ಹೆಮ್ಮೆಯೇ. ಪದಕ ಬಂದ ದಿನ ನಾನೂ ಕಣ್ಣೀರು ಹಾಕಿದ್ದೇನೆ. ನನ್ನ ಕೊರಗು ಬೇರೆ. ಆರಿಸಿ ತೆಗೆದ ಕೆಲವರು ನಮ್ಮೆಲ್ಲರ ಪರವಾಗಿ ಆಡುತ್ತಾರೆ, ಉಳಿದವರು ಮುಖಕ್ಕೆ ತ್ರಿವರ್ಣ ಬಳಿದುಕೊಂಡು ನೋಡುತ್ತೇವೆ. ದೇಶಪ್ರೇಮವೆಂದರೆ ನೋಡುತ್ತ ಕೂಗುವುದು ಎಂದು ಮಕ್ಕಳು ಕಲಿಯುತ್ತಿದ್ದಾರೆ. ಸೋತ ಆಟಗಾರನನ್ನು ಅದೇ ರಾತ್ರಿ ಫೋನಿನಲ್ಲಿ ಕೆಟ್ಟ ಮಾತುಗಳಿಂದ ಹಿಂಸಿಸುವುದನ್ನೂ ಕಲಿಯುತ್ತಿದ್ದಾರೆ. ಕೊನೆಗೆ ಬಂದವನಿಗೆ ಚಪ್ಪಾಳೆ ತಟ್ಟದೆ ಮನೆಗೆ ಹೋಗುವಂತಿಲ್ಲ ಎಂದು ಅವರಿಗೆ ಹೇಳಿದವರು ಯಾರೂ ಇಲ್ಲ.

ಪೂರ್ತಿ ಹೋಗಿಲ್ಲವೆಂಬುದಕ್ಕೆ ಬಾಗಲಕೋಟೆ ಬಳಿಯ ತುಳಸಿಗೇರಿ ಇದೆ. ಅಲ್ಲಿನ ಮಕ್ಕಳು ಮಲ್ಲಕಂಬಕ್ಕೆ ಹೆಸರಾದವರು. ಎಣ್ಣೆ ಸವರಿದ ಕಂಬಕ್ಕೆ ತೊಡೆ ಬಿಗಿದು, ತಲೆ ಕೆಳಗಾಗಿ, ಒಬ್ಬರ ಮೇಲೊಬ್ಬರು ಆತು ನಿಲ್ಲುವುದನ್ನು ನೋಡಬೇಕು. ಕೆಳಗಿನವನು ಒಂಚೂರು ಸಡಿಲಿಸಿದರೆ ಮೇಲಿನವನಿಲ್ಲ. ಅದೇ ಊರಿನಲ್ಲಿ ಮಗ್ಗಗಳಿವೆ, ಆ ಮಗ್ಗಗಳಲ್ಲಿ ರಾಷ್ಟ್ರಧ್ವಜದ ಖಾದಿ ನೇಯುತ್ತಾರೆ. ಆ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗುತ್ತದೆ. 1957ರ ನವೆಂಬರ್ 1ರಂದು ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಅದಕ್ಕೆ ಬಣ್ಣ ಹಾಕಿ, ಚಕ್ರ ಒತ್ತಿ, ಹೊಲಿದು ದೇಶಕ್ಕೆಲ್ಲ ಕಳಿಸುತ್ತಾರೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಯನ್ನು ತಿದ್ದಿ ಯಂತ್ರದಲ್ಲಿ ಮಾಡಿದ ಪಾಲಿಸ್ಟರ್ ಬಾವುಟಕ್ಕೂ ಅನುಮತಿ ಕೊಟ್ಟ ಮೇಲೆ ಬೆಂಗೇರಿಯವರು ಬೀದಿಗಿಳಿದು ಪ್ರತಿಭಟಿಸಿದರು. ಕೈಯಿಂದ ನೂತ ಬಟ್ಟೆಯ ಬಾವುಟ, ಮೈಯಿಂದ ಕಲಿತ ದೇಶ ಎರಡೂ ಒಂದೇ ಕಾಲಕ್ಕೆ ಒಂದೇ ನೆಲದಲ್ಲಿ ಸೊರಗುತ್ತಿರುವುದು ನನಗೆ ಬೇರೆ ಬೇರೆ ಸಂಗತಿಗಳಾಗಿ ಕಾಣುವುದಿಲ್ಲ. ಎರಡಕ್ಕೂ ಸಮಯ ಬೇಕು, ಬಹಳ ಜನರ ಕೈ ಬೇಕು.

ಈ ವರ್ಷ ನಮ್ಮೂರ ಶಾಲೆಗೆ ವರ್ಗವಾಗಿ ಬಂದಿರುವ ಅಕ್ಕೋರು ಸಮಾಜ ವಿಜ್ಞಾನ ಕಲಿಸುವವರು. ಬೆಂಚುಗಳ ಕೆಳಗಿದ್ದ ಪೆಟ್ಟಿಗೆಯನ್ನು ತೆಗೆಸಿದ್ದಾರೆ. ಹಿಡಿಕೆಗಳಿಗೆ ಗೆದ್ದಲು ಹತ್ತಿದೆ, ಕೆಲವು ಸರಪಳಿಗಳು ಮಾತ್ರ ಗಟ್ಟಿಯಿವೆ. “ಸರ್, ನಿಮಗ ಎಣಿಕಿ ನೆನಪೈತೇನ್ರಿ? ಆಗಸ್ಟ್ ಹದಿನೈದಕ್ಕ ಹುಡುಗರಿಂದ ಮಾಡಸಬೇಕಂತ ಮಾಡೇನಿ” ಎಂದು ಫೋನ್ ಮಾಡಿದ್ದರು. ನಿಂತು ಮಾಡುವುದು ನನಗೆ ನೆನಪಿತ್ತು, ಹೆಜ್ಜೆ ಹಾಕುತ್ತ ಸುತ್ತು ತಿರುಗುವಾಗಿನ ಎಣಿಕೆ ಮರೆತಿತ್ತು. ಶಿಬಿರದಲ್ಲಿ ಹುಗ್ಗಿ ಬಡಿಸಿದ ಗೆಳೆಯ ಈಗ ಹುಬ್ಬಳ್ಳಿಯಲ್ಲಿದ್ದಾನೆ, ರೈಲ್ವೆಯಿಂದ ನಿವೃತ್ತನಾಗಿದ್ದಾನೆ. ಅವನನ್ನು ಕೇಳಿದೆ. ಅವನಿಗೆ ಎಲ್ಲ ನೆನಪಿದೆ. ಬರೆದುಕೊಟ್ಟರೆ ತಿಳಿಯುವುದಿಲ್ಲ, ನಾನೇ ಬಂದು ಹೇಳಿಕೊಡುತ್ತೇನೆ ಎಂದಿದ್ದಾನೆ. ಲೇಜಿಮುಗಳು ಮಾತ್ರ ಹೊಸದಾಗಿ ಬೇಕು. ಮಾಡಿಕೊಡುವ ಬಡಿಗೇರರು ಯಾರಾದರೂ ಇದ್ದಾರೇನೋ ಎಂದು ಇಬ್ಬರೂ ಹುಡುಕುತ್ತಿದ್ದೇವೆ.